ಮಾಲು ಪೇಟೆಗೆ ಬಂದಾಗ

ಸೊಲ್ಲಾಪುರ-ಅಕ್ಕಲಕೋಟೆ ಕಡೆಯ ನಮ್ಮ ಮನೆತನಗಳಲ್ಲಿ ಹುಡುಗ ಬಿ.ಕಾಂ. ಮುಗಿಸಿ ಗಾದಿಯ ಮೇಲೆ ಕೂತರೆ ಸಾಕು ಎಂಬ ಲೆಕ್ಕವಿತ್ತು. ಈಗ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಿ.ಎಸ್ಸಿ.ಗೆ ಸೇರುತ್ತಿದ್ದಾರೆ. ಸಂಶೋಧನ ಸಮ್ಮೇಳನಕ್ಕೆ ಎರಡು ದಿನ ಹೋಗಿಬರುತ್ತೇವೆ ಎಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, "ಅದರಿಂದ ಮಾರ್ಕು ಬರ್ತಾವೇನು?"

ನಾವು ಮೆಟ್ರಿಕ್ ಓದಿದವರು. ವಿಜ್ಞಾನ ನಮಗೆ ತಿಳಿಯದು, ಪೇಟೆ ತಿಳಿಯುತ್ತದೆ. ಅಂಗಡಿಯಲ್ಲಿ ಇರುವ ತನಕ ಎಲ್ಲಾ ಮಾಲೂ ಒಂದನೇ ನಂಬರೇ. ಲಿಲಾವಿನಲ್ಲಿ ನಾಲ್ಕು ಮಂದಿ ಬೊಗಸೆಯಲ್ಲಿ ಹಿಡಿದು ನೋಡಿದ ಮೇಲೆಯೇ ಅದರ ಯೋಗ್ಯತೆ ಹೊರಬೀಳುವುದು. ಸಿ.ವಿ. ರಾಮನ್ನರು ಸಹ 1928ರ ಫೆಬ್ರವರಿ 28ರಂದು ಕಲಕತ್ತೆಯಲ್ಲಿ ಕಂಡದ್ದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರಲಿಲ್ಲ. ಮಾರ್ಚ್ 16ಕ್ಕೆ ಬೆಂಗಳೂರಿನ ವಿಜ್ಞಾನಿಗಳ ಸಭೆಯ ಮುಂದೆ ಇಟ್ಟರು.

ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ 'ಆವಿಷ್ಕಾರ' ಸಮ್ಮೇಳನ 2006ರಲ್ಲಿ ಆರಂಭವಾಯಿತು. ಆಗ ರಾಜ್ಯಪಾಲರೂ ಕುಲಾಧಿಪತಿಗಳೂ ಆಗಿದ್ದವರು ಮಂಡ್ಯ ಜಿಲ್ಲೆಯ ಎಸ್.ಎಂ. ಕೃಷ್ಣ ಎಂಬುದು ನಮ್ಮಂಥ ಗಡಿ ಕನ್ನಡಿಗರಿಗೆ ಸಣ್ಣ ಸಂತೋಷ. ಅಲ್ಲಿ ಪದವಿ ವಿದ್ಯಾರ್ಥಿಗಳಿಗೆ ಬೇರೆಯೇ ವಿಭಾಗವಿದೆ. ದೊಡ್ಡವರ ಜೊತೆ ಸ್ಪರ್ಧಿಸಬೇಕಿಲ್ಲ.

ನಮ್ಮ ಮೊಮ್ಮಗಳು ಇಂಥದೇ ಒಂದು ಸಮ್ಮೇಳನಕ್ಕೆ ತೊಗರಿಯ ವಿಷಯ ಒಯ್ದಿದ್ದಳು. ಹೆಂಗಸರು ತಲೆಮಾರುಗಳಿಂದ ತೊಗರಿಗೆ ಹರಳೆಣ್ಣೆ ತಿಕ್ಕಿ ಇಡುತ್ತಾರಲ್ಲ, ಅದರಿಂದ ಹುಳ ಎಷ್ಟು ಕಡಿಮೆ ಆಗುತ್ತದೆ ಎಂದು ಡಬ್ಬಿಗಳಲ್ಲಿಟ್ಟು ಎಣಿಸಿದ್ದಳು. ಅವರ ಅಜ್ಜಿ ದಶಮಿ, ಬಳ್ಳೊಳ್ಳಿ ಇಲ್ಲದ ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಹೊತ್ತು ಮುಳುಗುವ ಮುಂಚೆ ಉಣ್ಣಬೇಕೆಂದು ಮೂರು ಸಲ ಹೇಳಿದರು.

ಬಹುಮಾನ ಬರಲಿಲ್ಲ. ಬಂದದ್ದು ಪ್ರಶ್ನೆಗಳು. ಎಣ್ಣೆ ಹಚ್ಚದ ಕಾಳನ್ನೂ ಪಕ್ಕದಲ್ಲಿ ಇಟ್ಟಿದ್ದೆಯಾ ಎಂದು ಒಬ್ಬರು ಕೇಳಿದರು, ಇಟ್ಟಿದ್ದಳು. ಕಾಳಿನ ತೇವ ಅಳೆದೆಯಾ ಎಂದು ಬೇರೆ ಕಾಲೇಜಿನ ಹುಡುಗಿ ಕೇಳಿದಳು, ಅಳೆದಿರಲಿಲ್ಲ. ಒಲೆಯಲ್ಲಿ ಒಣಗಿಸಿ ಮುಂಚಿನ ತೂಕ, ಆಮೇಲಿನ ತೂಕ ನೋಡುವ ರೀತಿಯನ್ನು ಆ ಹುಡುಗಿಯೇ ಬರೆದುಕೊಟ್ಟಳಂತೆ. ಮೂರನೆಯ ಪ್ರಶ್ನೆ ನಮ್ಮ ಮನೆಯ ತನಕ ಬಂತು.

"ಅಜ್ಜಾ, ಎಣ್ಣಿ ಹಚ್ಚಿದ್ರ ಹುಳ ತತ್ತಿ ಇಡೂದಿಲ್ಲೋ, ಇಟ್ಟ ತತ್ತಿ ಒಳಗ ಸಾಯ್ತದೋ ಅಂತ ಕೇಳಿದ್ರು."

ಗೋದಾಮಿನಲ್ಲಿ ವಿಷದ ಗುಳಿಗೆ ಇಡದೆ ನಡೆಸಿದ ಮನೆ ನಮ್ಮದು. ಎಣ್ಣೆಯೆಂದರೆ ನಿರ್ದೋಷಿ ಉಪಾಯ ಎಂದೇ ನಡೆದುಬಂದಿದೆ. ಪುಸ್ತಕ ತೆಗೆದು ಅವಳೇ ಹೇಳಿದಳು: ಎರಡೂ ನಡೆಯುತ್ತವೆ, ಎಣ್ಣೆಯ ಪದರಕ್ಕೆ ತತ್ತಿಗೆ ಗಾಳಿ ಸಿಗದು. ಅಂದು ರಾತ್ರಿ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಇಷ್ಟು ನಾಜೂಕಾದ ಪ್ರಶ್ನೆಯನ್ನು ಪರೀಕ್ಷೆಯ ಕಾಗದ ಕೇಳುವುದಿಲ್ಲ. ಹುಳ ತಗಲುವ ಮುಂಚೆಯೇ ಒಣಗಿಸಿ ಕಟ್ಟಿಟ್ಟರೆ ಹೇಗೆ ಎಂದರೆ, ಹೊಲದಲ್ಲಿ ಕಾಯಿಯ ಮೇಲೆಯೇ ತತ್ತಿ ಇಡುವುದೂ ಉಂಟು ಎನ್ನುತ್ತಾಳೆ. ಅದನ್ನೇ ಈಗ ನೋಡುತ್ತಿದ್ದಾಳೆ.

ಪಾಲಕರಿಗೆ ಒಂದು ಮಾತು. ಸಮ್ಮೇಳನದ ಹೆಸರಿನಲ್ಲಿ ಫೀ ಎಣಿಸಿಕೊಂಡು ಸರ್ಟಿಫಿಕೇಟು ಹಂಚುವ ದಂಧೆಯೂ ಇದೆ. "ಅಂತರರಾಷ್ಟ್ರೀಯ" ಎಂಬ ಫಲಕಕ್ಕೆ ಮರುಳಾಗಬೇಡಿ. ಹುಡುಗರ ಪತ್ರಿಕೆಯ ಮುಂದೆ ಯಾರು ನಿಂತು ಕೇಳುತ್ತಾರೆ, ಎಷ್ಟು ಹೊತ್ತು ಎಂದು ಕಾಲೇಜಿನ ಗುರುಗಳನ್ನು ಮೊದಲು ವಿಚಾರಿಸಿ. ಉತ್ತರ ಸರಿ ಕಂಡರೆ ಬಸ್ಸಿನ ಖರ್ಚಿಗೆ ಚೌಕಾಸಿ ಬೇಡ.