ಪರದೆಯ ಹಿಂದೊಂದು ರಂಗ!

ಗೆಳೆಯರೇ, ಮುಂಬಯಿಯ ಗಿರ್ಗಾಂವ್ ಚೌಪಾಟಿಯಲ್ಲಿ ಕಡಲಗಾಳಿ ಕುಡಿದು ಹಾಗೇ ನಾಲ್ಕು ಹೆಜ್ಜೆ ನಡೆದರೆ ರಾಯಲ್ ಒಪೆರಾ ಹೌಸ್ ಸಿಗುತ್ತೆ. 1982ರಲ್ಲಿ ಕುಂದಾಪುರದಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹದಿನಾಲ್ಕರ ಪೋರ ನಾನು. ರಜೆ ಸಿಕ್ಕಿತೋ, ಅಲ್ಲಿ ಮ್ಯಾಟಿನಿ! ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದಿದ್ದೇ ಹೊಡೆದಿದ್ದು. ಆ ಬಿಳಿ ಪರದೆಯ ಹಿಂದೆ ನಾಟಕದ ರಂಗವೊಂದಿದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

1911ರಲ್ಲಿ ಐದನೇ ಜಾರ್ಜ್ ದೊರೆ ಉದ್ಘಾಟಿಸಿದ ಈ ಮಂದಿರ ಕಟ್ಟಿದ್ದೇ ಸಂಗೀತ, ನಾಟಕಗಳಿಗೆ. ನಮ್ಮ ‘ಸಾಕ್ಷಾತ್ಕಾರ’ದಲ್ಲಿ (1971) ಅಣ್ಣಾವ್ರ ತಂದೆಯಾಗಿದ್ದರಲ್ಲ, ಪೃಥ್ವೀರಾಜ್ ಕಪೂರ್, ಅವರ ನಾಟಕಗಳೂ ಇಲ್ಲಿ ನಡೆದಿದ್ದವು. ವಿಡಿಯೋ, ಕೇಬಲ್ ಟಿವಿಯ ಹೊಡೆತಕ್ಕೆ 1993ರಲ್ಲಿ ಬಾಗಿಲು ಬಿತ್ತು. ನನ್ನ ಹರೆಯಕ್ಕೇ ಬೀಗ ಜಡಿದ ಹಾಗಾಯ್ತು.

2016ರಲ್ಲಿ ಮತ್ತೆ ತೆರೆಯಿತು. ಗೋಡೆ, ಗಾರೆ, ತೂಗುದೀಪಗಳಿಗೆ ಹಳೇ ಕಳೆ. ರಂಗಕ್ಕೆ ಮಾತ್ರ ಹೊಸ ದೀಪ, ಹೊಸ ಧ್ವನಿ ವ್ಯವಸ್ಥೆ. ನನಗೋ ಹೊಟ್ಟೆಯುರಿ. ಅದಕ್ಕೂ ಕಾರಣವಿತ್ತು. ನಾನೇ ಕಟ್ಟಿದ ಪುಟ್ಟ ಹೋಟೆಲಿನ ಗಲ್ಲಾದಲ್ಲಿ ಕೂರೋದು ಬಿಟ್ಟು ನನ್ನ ಮಗ ನಾಟಕದವರ ಜೊತೆ ದೀಪ ಹಾಕಲು ಹೊರಟಿದ್ದ! “ಸ್ವಿಚ್ ಒತ್ತೋಕೆ ನೀನೇ ಬೇಕಾ?” ಅಂದೆ. ಒಂದು ವರ್ಷ ನಮ್ಮಿಬ್ಬರಲ್ಲಿ ಮಾತಿಲ್ಲ.

2018ರ ಒಂದು ಸಂಜೆ ಗಲ್ಲಾದ ಮೇಲೆ ಟಿಕೆಟ್ ಇಟ್ಟ. “ಅಪ್ಪಯ್ಯ, ಒಂದ್ಸಲ ಬಂದು ನೋಡಿ. ಆಮೇಲೆ ಬೇಕಾದಷ್ಟು ಬೈಯಿರಿ.”

ಆಟಕ್ಕೆ ಮುಂಚೆ ತನ್ನ ಬೋರ್ಡಿನ ಹತ್ತಿರ ಕರೆದೊಯ್ದ. ಹಿಂದೆಲ್ಲ ಬಣ್ಣ ಬದಲಿಸಬೇಕಾದರೆ ಏಣಿ ಹತ್ತಿ, ಸುಡುವ ದೀಪದ ಮುಂದೆ ಬಣ್ಣದ ಹಾಳೆ ಸಿಕ್ಕಿಸಬೇಕಿತ್ತಂತೆ. ಈಗಿನ ಎಲ್‌ಇಡಿ ದೀಪದೊಳಗೇ ಕೆಂಪು, ಹಸಿರು, ನೀಲಿ ಬೆರೆತು ಬೇಕಾದ ಬಣ್ಣ ಬರುತ್ತೆ. ಯಾವ ಮಾತಿಗೆ ಯಾವ ಬೆಳಕು ಅಂತ ಮೊದಲೇ ನಂಬರು ಹಾಕಿಟ್ಟು, ಸರಿಯಾದ ಗಳಿಗೆಗೆ ಗುಂಡಿ ಒತ್ತಬೇಕು. ಅರೆಕ್ಷಣ ತಪ್ಪಿದರೂ ನಟನ ಅಳು ನಗೆಪಾಟಲು!

“ಇದಕ್ಕೆ ಶಾಖ ಕಮ್ಮಿ, ಕರೆಂಟೂ ಕಮ್ಮಿ. ನೂರು ವರ್ಷದ ಕಟ್ಟಡಕ್ಕೆ ಅದೇ ಒಳ್ಳೇದು, ಅಪ್ಪಯ್ಯ,” ಅಂದ. ನನ್ನ ಒಪೆರಾ ಹೌಸಿನ ಬಗ್ಗೆ ನನಗಿಂತ ಅವನಿಗೇ ಹೆಚ್ಚು ಕಾಳಜಿ!

ನಾಟಕದ ಕೊನೆ. ಮುದುಕನೊಬ್ಬ ಮಗನ ದಾರಿ ಕಾಯುತ್ತಾ ಕೂತಿದ್ದಾನೆ. ಮಾತಿಲ್ಲ, ಸಂಗೀತವಿಲ್ಲ. ಕಪ್ಪು ರಾತ್ರಿ ಮೆಲ್ಲಗೆ ನೀಲಿಯಾಯ್ತು, ನೀಲಿ ಕರಗಿ ಆ ಮುಖದ ಮೇಲೆ ಹೊಂಬಿಸಿಲು ಬಿತ್ತು. ನನ್ನ ಕಣ್ಣು ಮಂಜಾಯ್ತು. ಜನ ಎದ್ದು ನಿಂತು ನಟನಿಗೆ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಹಿಂದಕ್ಕೆ ತಿರುಗಿ, ಕತ್ತಲಲ್ಲಿ ಕೂತವನ ಕಡೆಗೆ ಬಾಯಿಗೆ ಬೆರಳಿಟ್ಟು ಹೊಡೆದೆ ನೋಡಿ, ಹಳೇ ಗಾಂಧಿ ಕ್ಲಾಸಿನ ಶಿಳ್ಳೆ!

ಹೊರಗೆ ಬಂದ ಮಗ ಕೇಳಿದ್ದು ಒಂದೇ ಮಾತು: “ಬೈಯೋದಿಲ್ವಾ?”

“ಚಾ ಕುಡೀತೀಯಾ?” ಅಂದೆ. ಇಬ್ಬರೂ ಚೌಪಾಟಿ ಕಡೆ ನಡೆದೆವು.

ಗೆಳೆಯರೇ, ಮುಂದಿನ ಸಲ ನಿಮ್ಮ ಹೀರೋಗೆ ಶಿಳ್ಳೆ ಹೊಡೆಯುವಾಗ ಒಮ್ಮೆ ಹಿಂದಕ್ಕೂ ತಿರುಗಿ ನೋಡಿ. ಅಲ್ಲಿ ಕತ್ತಲಲ್ಲಿ ಯಾರದೋ ಮಗ ಕೂತಿರ್ತಾನೆ.