ಯಾವ ಸೋಮವಾರ?

ಅಡುಗೆಮನೆಯಲ್ಲಿ ಒಂದೇ ಬಣ್ಣದ ಹತ್ತು ಡಬ್ಬಿಗಳನ್ನು ಚೀಟಿ ಅಂಟಿಸದೆ ಇಟ್ಟರೆ ಹೊಸಬರು ಏನು ಮಾಡಿಯಾರು, ನೀವೇ ಹೇಳಿ. ತಾಂಬಾದ ನಮ್ಮ ಮನೆಯಲ್ಲಿರುವ ನನ್ನ ನಾದಿನಿಗೆ ಫೋನೂ ಹಾಗೆಯೇ. ಅವಳಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಪರದೆಯ ಮೇಲಿನದನ್ನು ಫೋನು ಓದಿ ಹೇಳುತ್ತದೆ, ನಿಜ. ಆದರೆ ವೆಬ್‌ಸೈಟ್ ಮಾಡಿದವರು ಗುಂಡಿಗಳಿಗೆ ಹೆಸರು ಕೊಟ್ಟಿರದಿದ್ದರೆ ಬರೀ 'ಬಟನ್, ಬಟನ್' ಎನ್ನುತ್ತದೆ. ಹಣ ಕಳಿಸುವ ಗುಂಡಿ ಯಾವುದೋ, ಬೇಡವೆನ್ನುವುದು ಯಾವುದೋ!

2025ರ ಮಳೆಗಾಲದಲ್ಲಿ ಬ್ಯಾಂಕಿನ ಕೆವೈಸಿ ಮಾಡಲು ಕೂತೆವು. ಮುಖ ಚೌಕಟ್ಟಿನೊಳಗಿಟ್ಟು ಕಣ್ಣು ಮಿಟುಕಿಸಬೇಕಂತೆ. "ವೈನಿ, ಕಣ್ಣಿಲ್ಲದಾಕಿಗೆ ಕಣ್ಣ ಮಿಟಕಸು ಅಂತದಲ್ರೀ ಇದು!" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. "ಬರೂ ಸೋಮವಾರ ಇಂಡಿಗೆ ಹೋಗಿ ಅರ್ಜಿ ಕೊಡೂಣು" ಅಂದೆ. ನಿಂಬೆ ಹರಿಯುವ ಕೆಲಸ, ಮಕ್ಕಳ ಜ್ವರ. ಎರಡು ತಿಂಗಳು ಕಳೆದೇ ಹೋಯಿತು.

ಮುಂದೂಡುವವಳು ನಾನೊಬ್ಬಳೇ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸೇವೆ ಕೊಡುವವರಿಗೆ, ನಿಯಮ ಪ್ರಕಟವಾದ ಮೇಲೆ ಎರಡು ವರ್ಷದ ಗಡುವು ಹಾಕಿತ್ತು. ನಿಯಮಗಳು 2017ರಲ್ಲಿ ಬಂದವು. ಅವುಗಳಲ್ಲಿ 15ನೆಯದು ಬರೀ ಸಲಹೆಯಂತಿದೆ, ಕಾಯ್ದೆಗೆ ಬೇಕಾದದ್ದು ಕಡ್ಡಾಯ ನಿಯಮ ಎಂದು ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಹೇಳಿ, ಮೂರು ತಿಂಗಳೊಳಗೆ ಅದನ್ನು ರೂಪಿಸಲು ಕೇಂದ್ರಕ್ಕೆ ಆದೇಶಿಸಿತು. 2025ರ ಏಪ್ರಿಲ್ 30ರಂದು ಮತ್ತೊಂದು ತೀರ್ಪು ಬಂತು. ಆಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಹಾಗೂ ದೃಷ್ಟಿಯಿಲ್ಲದ ವಕೀಲ ಅಮರ್ ಜೈನ್ ಕೋರ್ಟಿಗೆ ಹೋಗಿದ್ದರು. ಕಣ್ಣು ಮಿಟುಕಿಸುವುದಕ್ಕೆ ಬದಲಿ ದಾರಿ ಇರಬೇಕು, ಕಾಗದದ ಕೆವೈಸಿಯೂ ಇರಬೇಕು ಎಂಬುದು ಸೇರಿ 20 ನಿರ್ದೇಶನಗಳನ್ನು ಕೋರ್ಟು ಕೊಟ್ಟಿತು.

ತೀರ್ಪು ಬಂದಿತ್ತು, ನಮ್ಮ ಮನೆಯ ಫೋನಿಗೆ ಅದು ಮುಟ್ಟಿರಲಿಲ್ಲ.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ನಾದಿನಿ ಮೆಲ್ಲಗೆ ಕೇಳಿದಳು, "ವೈನಿ, ಯಾ ಸೋಮವಾರರೀ?"

ಮರುದಿನವೇ ಹೊರಟೆವು. ತೀರ್ಪಿನ ತಾರೀಖು ಬರೆದ ಅರ್ಜಿ ಕೊಟ್ಟು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಂಡೆವು. ಕಾಗದದ ಕೆವೈಸಿ ಅಲ್ಲೇ ಆಯಿತು. ಗುಂಡಿಗಳಿಗೆ ಹೆಸರು ಇನ್ನೂ ಬಂದಿಲ್ಲ. ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿಟ್ಟಿದ್ದೇನೆ. ಆಗಲೂ ಆಗದಿದ್ದರೆ ವಿಕಲಚೇತನರ ಆಯುಕ್ತರಿಗೆ ದೂರು. ಅವರು ಶಿಫಾರಸು ಮಾಡಿದರೆ, ಏನು ಕ್ರಮ ಕೈಗೊಂಡೆವೆಂದು ಸಂಬಂಧಪಟ್ಟವರು ಮೂರು ತಿಂಗಳೊಳಗೆ ತಿಳಿಸಲೇಬೇಕು.

ನಿಮ್ಮ ಮನೆಯಲ್ಲೂ ಇಂಥ ನಾದಿನಿ, ಅತ್ತೆ, ಮಗಳು ಇದ್ದಾರೆಯೇ? ಗಡುವು ಹಾಕುವುದು ಕೋರ್ಟಿನ ಕೆಲಸ, ದಿನ ಎಣಿಸುವುದು ನಮ್ಮದು. ನನ್ನ ಹಾಗೆ ಎರಡು ತಿಂಗಳು ಕಳೆಯಬೇಡಿ.