ಮೇಜಿನ ಕೆಳಗಿನ ಪಾಠ

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ನನ್ನ ವಿದ್ಯೆ ನನ್ನ ಮನೆಯಲ್ಲಿಯೇ ಸೋಲುವುದೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಬೆಕ್ಕು ಮೇಜಿನ ಕೆಳಗಿದೆ ಎಂಬುದನ್ನು ಏಳು ವರ್ಷದ ಮೊಮ್ಮಗ 'ಕ್ಯಾಟ್ ಟೇಬಲ್ ಅಂಡರ್' ಎಂದು ಬರೆದಿದ್ದ. ತಿದ್ದಿ ಹತ್ತು ಸಲ ಬರೆಸಿದೆ. ಹನ್ನೊಂದನೆಯ ಸಲ ಮತ್ತೆ 'ಟೇಬಲ್ ಅಂಡರ್'! "ಇಷ್ಟೂ ತಿಳಿಯದ ದಡ್ಡನೇನೋ ನೀನು?" ಎಂದುಬಿಟ್ಟೆ. ಅಂದಿನಿಂದ ಹುಡುಗ ನನ್ನೆದುರು ಇಂಗ್ಲಿಷಿನಲ್ಲಿ ತುಟಿ ಬಿಚ್ಚಲಿಲ್ಲ.

ಯೋಚಿಸಿದರೆ ತಪ್ಪು ಅವನದಲ್ಲ. ಕನ್ನಡದಲ್ಲಿ ಮೇಜು ಮೊದಲು, 'ಕೆಳಗೆ' ಆಮೇಲೆ; ಇಂಗ್ಲಿಷಿನಲ್ಲಿ ಅದು ತಿರುವುಮುರುವು. ಇದನ್ನು ವ್ಯಾಕರಣವಾಗಿ ಹೇಳಿದರೆ ಎಳೆಯ ಕಿವಿಗೆ ಹೋದೀತೆ?

ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಒಂದು ವಾದವನ್ನು ಮುಂದಿಟ್ಟರು. ಬುದ್ಧಿ ಒಂದೇ ಅಳತೆಗೋಲಿಗೆ ಸಿಕ್ಕುವ ವಸ್ತುವಲ್ಲ. ಮಾತು, ತರ್ಕ, ಸಂಗೀತ, ಅಂಗಚಲನೆ, ಆಕಾರಗಳ ಕಲ್ಪನೆ, ಪರರನ್ನು ಅರಿಯುವುದು, ತನ್ನನ್ನು ಅರಿಯುವುದು ಎಂದು ಅದಕ್ಕೆ 7 ಮುಖಗಳು. ಬಳಿಕ ನಿಸರ್ಗವನ್ನು ಗುರುತಿಸುವ ಬುದ್ಧಿಯನ್ನು ಎಂಟನೆಯದಾಗಿ ಸೇರಿಸಿದರು. ಇದಕ್ಕೆ ಪ್ರಯೋಗಗಳ ಆಧಾರ ಸಾಲದೆನ್ನುವ ವಿದ್ವಾಂಸರೂ ಉಂಟು. ಮಕ್ಕಳಿಗೆ ಹಣೆಪಟ್ಟಿ ಕಟ್ಟದೆ, ಒಂದೇ ವಿಷಯವನ್ನು ಹಲವು ಬಗೆಯಲ್ಲಿ ಕಲಿಸಬೇಕೆಂದು ಗಾರ್ಡ್ನರ್ ಅವರೇ ಹೇಳಿದ್ದಾರೆ. ನನಗೆ ಬೇಕಾದದ್ದೂ ಇಷ್ಟೇ.

ಮರುದಿನ ಮಂಡಿನೋವನ್ನು ಮರೆತು ಮೇಜಿನ ಬಳಿ ನಿಂತೆ. 'ಅಂಡರ್' ಎಂದೊಡನೆ ಬಗ್ಗಬೇಕು, 'ದಿ ಟೇಬಲ್' ಎಂದೊಡನೆ ಒಳಗೆ ತೂರಬೇಕು, ಇದೇ ಆಟ. ಅವಸರದಲ್ಲಿ ನಾನು ಬಗ್ಗುವ ಮೊದಲೇ ತೂರಹೋಗಿ ಹಣೆಯನ್ನು ಬಡಿದುಕೊಂಡೆ. ಹುಡುಗ ಕಿಲಕಿಲನೆ ನಕ್ಕ. "ತಾತಾ, ಅಂಡರ್ ಮೊದಲು, ಟೇಬಲ್ ಆಮೇಲೆ!" ಎಂದ. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಹೊರಟ ಇಂಗ್ಲಿಷು ಅದು!

ಆಟಕ್ಕೆ ಸೇರಿದ ಪಕ್ಕದ ಮನೆಯ ಹುಡುಗಿಗೆ ತೂರುವುದು ಒಲ್ಲದು. ಅವಳು ಬೆಕ್ಕಿನ ಚಿತ್ರ ಬರೆದು ಅದರಡಿ ಮಾತನ್ನು ಬರೆದಳು. ಅವಳ ತಮ್ಮ ಚಪ್ಪಾಳೆಯ ತಾಳಕ್ಕೆ ಅದನ್ನೇ ಹಾಡಿದ. ಆದರೆ ಕೊನೆಯಲ್ಲಿ ಮೂವರೂ ಆ ವಾಕ್ಯವನ್ನು ಬಾಯಿಬಿಟ್ಟು ಹೇಳಲೇಬೇಕೆಂಬುದು ನನ್ನ ಕಟ್ಟಳೆ. ಆಟ, ಚಿತ್ರ, ಹಾಡುಗಳೆಲ್ಲ ಬಾಗಿಲುಗಳು; ಮನೆಯೊಳಗೆ ಕಾಲಿಡದೆ ಬಾಗಿಲಲ್ಲೇ ಕುಣಿದರೆ ಭಾಷೆ ಬಾರದು.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಪಾಠದ ನಡುವೆ ಬೆರಳುಗಳಿಂದ ಬೆಂಚಿನ ಮೇಲೆ ತಾಳ ಹಾಕುತ್ತಿದ್ದ. ಇಂಗ್ಲಿಷಿನಲ್ಲಿ ಯಾವ ಮಾತಿಗೆ ಒತ್ತು, ಯಾವುದು ಹಗುರ ಎಂಬುದನ್ನು ಇಡೀ ತರಗತಿಗೆ ಕಲಿಸಲು ಆ ಬೆರಳುಗಳೇ ಸಾಕಾಗಿದ್ದವು.

ನಾನು ಅವನನ್ನು ವರ್ಷವೆಲ್ಲ ಬಾಗಿಲ ಹೊರಗೆ ನಿಲ್ಲಿಸಿದ್ದೆ.